ಕೆಲಸ ಸುಧಾರಿಸಿತು, ಸಾವು ಇಳಿಯಲಿಲ್ಲ: ಉತ್ತರ ಪ್ರದೇಶದ 120 ಹೆರಿಗೆ ಕೇಂದ್ರಗಳ ಒಂದು ಪ್ರಕರಣ

ತಾಯಿ ಮತ್ತು ನವಜಾತ ಶಿಶುವಿನ ಆರೋಗ್ಯಕ್ಕೆಂದು ನಡೆಯುವ ತರಬೇತಿ ಯೋಜನೆಗಳ ವರದಿ ತೆರೆದರೆ ಮೊದಲು ಕಣ್ಣಿಗೆ ಬೀಳುವುದು ತರಬೇತಿ ಪಡೆದವರ ಸಂಖ್ಯೆ. ಎಷ್ಟು ಸ್ಟಾಫ್ ನರ್ಸುಗಳು, ಎಷ್ಟು ಎಎನ್‌ಎಂಗಳು, ತರಬೇತಿಗೆ ಮುಂಚೆ ಪರೀಕ್ಷೆಯಲ್ಲಿ ಎಷ್ಟು ಅಂಕ, ಆಮೇಲೆ ಎಷ್ಟು ಅಂಕ, ಕೊನೆಗೆ ಪ್ರಮಾಣಪತ್ರ ಹಿಡಿದ ಗ್ರೂಪ್ ಫೋಟೊ. ಆ ಸಿಸ್ಟರ್ ತಿರುಗಿ ಡ್ಯೂಟಿಗೆ ಹೋದ ಮೇಲೆ ಹೆರಿಗೆ ಕೋಣೆಯಲ್ಲಿ ಏನು ಮಾಡಿದಳು ಅನ್ನುವುದು ಅಪರೂಪಕ್ಕೆ ಸಿಗುತ್ತದೆ. ಅವಳ ಕೈಯಲ್ಲಿ ಹೆರಿಗೆಯಾದ ಬಾಣಂತಿ ಏಳನೆಯ ದಿನ ಹೇಗಿದ್ದಳು, ಕೂಸು ಉಸಿರಾಡುತ್ತಿತ್ತೆ ಅನ್ನುವುದು ಸಿಗುವುದೇ ಇಲ್ಲ ಅನ್ನಬೇಕು.

ಹೆರಿಗೆ ಕೋಣೆಯ ಸಿಸ್ಟರುಗಳಿಗೆ ಒಂದು ಚೆಕ್‌ಲಿಸ್ಟ್ ಕೊಟ್ಟು, ಪಕ್ಕದಲ್ಲಿ ನಿಂತು ಅದನ್ನು ರೂಢಿ ಮಾಡಿಸಲು ಹೊರಟ ಬೆಟರ್‌ಬರ್ತ್ ಎಂಬ ಯೋಜನೆ ಆ ಕೊನೆಯ ಪ್ರಶ್ನೆಯನ್ನೂ ಕೇಳಿತು. ಒಬ್ಬಿಬ್ಬರನ್ನಲ್ಲ, ಒಂದೂವರೆ ಲಕ್ಷಕ್ಕೂ ಹೆಚ್ಚು ತಾಯಂದಿರನ್ನು ಕೇಳಿತು. ಬಂದ ಉತ್ತರ ಯೋಜನೆ ನಡೆಸಿದವರಿಗೆ ಹಿತವಾಗಿರಲಿಲ್ಲ, ಆದರೂ ಮುಚ್ಚಿಡದೆ ಪ್ರಕಟಿಸಿದರು. ತರಬೇತಿ ಯೋಜನೆಗಳು ಎಲ್ಲಿ ತೊಡರುತ್ತವೆ ಎಂದು ತಿಳಿಯಬೇಕಾದವರಿಗೆ ಗೆದ್ದ ಹತ್ತು ಯೋಜನೆಗಳ ವರದಿಗಿಂತ ಇದೊಂದು ಹೆಚ್ಚು ಕಲಿಸುತ್ತದೆ ಅನ್ನುವುದು ನನ್ನ ಅಭಿಪ್ರಾಯ. ನಮಗೆ ಇನ್ನೊಂದು ಕಾರಣವೂ ಇದೆ. ಅದರ ಮೊದಲ ಹೆಜ್ಜೆ ಬಿದ್ದದ್ದು ಕರ್ನಾಟಕದಲ್ಲಿ.

ಒಂದು ಹಾಳೆ, 29 ಅಂಶ

ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೆ ಮುಂಚೆ ಶಸ್ತ್ರಚಿಕಿತ್ಸೆಗೆ ಒಂದು ಚೆಕ್‌ಲಿಸ್ಟ್ ಮಾಡಿತ್ತು. 19 ಅಂಶಗಳ ಹಾಳೆ. ಎಂಟು ದೇಶಗಳ ಎಂಟು ಆಸ್ಪತ್ರೆಗಳಲ್ಲಿ ಅದನ್ನು ಬಳಸಿ ನೋಡಿದಾಗ ಶಸ್ತ್ರಚಿಕಿತ್ಸೆಯ ನಂತರದ ಸಾವು ಶೇ. 1.5ರಿಂದ ಶೇ. 0.8ಕ್ಕೆ ಇಳಿಯಿತೆಂದು 2009ರ ಜನವರಿಯಲ್ಲಿ ವರದಿಯಾಯಿತು. ಆ ಎಂಟರಲ್ಲಿ ದೆಹಲಿಯ ಆಸ್ಪತ್ರೆಯೂ ಒಂದು. ಅಮೆರಿಕದ ಶಸ್ತ್ರವೈದ್ಯ ಅತುಲ್ ಗವಾಂಡೆ ಈ ಕೆಲಸದ ಮುಂದಾಳು. ಆಪರೇಷನ್ ಥಿಯೇಟರಿನಲ್ಲಿ ಫಲಿಸಿದ್ದು ಹೆರಿಗೆ ಕೋಣೆಯಲ್ಲಿ ಏಕೆ ಫಲಿಸಬಾರದು ಎಂಬ ಯೋಚನೆಯಿಂದ ಸುರಕ್ಷಿತ ಹೆರಿಗೆಯ ಚೆಕ್‌ಲಿಸ್ಟ್ ಹುಟ್ಟಿತು.

ಅದರಲ್ಲಿ 29 ಅಂಶಗಳು, ನಾಲ್ಕು ನಿಲುಗಡೆಗಳು. ಗರ್ಭಿಣಿ ದಾಖಲಾದಾಗ ಒಂದು, ಹೆರಿಗೆಗೆ ಸ್ವಲ್ಪ ಮುಂಚೆ ಒಂದು, ಹೆರಿಗೆಯಾದ ಒಂದು ಗಂಟೆಯೊಳಗೆ ಒಂದು, ಮನೆಗೆ ಕಳಿಸುವಾಗ ಒಂದು. ದಾಖಲಾದಾಗ ಬಿಪಿ ನೋಡಿದೆಯಾ, ಜ್ವರ ಇದೆಯಾ, ದೊಡ್ಡ ಆಸ್ಪತ್ರೆಗೆ ಕಳಿಸಬೇಕಾದ ಕೇಸಾ, ಗ್ಲೌಸು, ಸೋಪು, ನೀರು ಇವೆಯಾ. ಹೆರಿಗೆಗೆ ಮುಂಚೆ, ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಸಿರಿಂಜಿನಲ್ಲಿ ತುಂಬಿಟ್ಟುಕೊಂಡೆಯಾ, ಅಳದ ಕೂಸಿಗೆ ಗಾಳಿ ಒತ್ತುವ ಅಂಬು ಬ್ಯಾಗು ಮತ್ತು ಮಾಸ್ಕು ಕೈಗೆಟಕುವಂತಿವೆಯಾ, ಕೂಸನ್ನು ಒರೆಸಲು ಒಣ ಬಟ್ಟೆ ಇದೆಯಾ. ಹೆರಿಗೆಯಾದ ಮೇಲೆ ರಕ್ತ ಹೆಚ್ಚು ಹೋಗುತ್ತಿದೆಯಾ, ಕೂಸನ್ನು ತಾಯಿಯ ಎದೆಗೆ ಹಾಕಿ ಹಾಲು ಕುಡಿಸಲು ಶುರು ಮಾಡಿಸಿದೆಯಾ. ಇದರಲ್ಲಿ ಸಿಸ್ಟರಿಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ. ಗೊತ್ತಿದ್ದೂ ಗದ್ದಲದಲ್ಲಿ ಬಿಟ್ಟುಹೋಗುವುದನ್ನು ನೆನಪಿಸುವುದಷ್ಟೇ ಹಾಳೆಯ ಕೆಲಸ.

2010ರ ದ್ವಿತೀಯಾರ್ಧದಲ್ಲಿ ಕರ್ನಾಟಕದ ಒಂದು ಉಪಜಿಲ್ಲಾ ಮಟ್ಟದ ಹೆರಿಗೆ ಕೇಂದ್ರದಲ್ಲಿ ಇದನ್ನು ಮೊದಲಿಗೆ ಪರೀಕ್ಷಿಸಿದರು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರೂ ಈ ಕೆಲಸದಲ್ಲಿದ್ದರು. ಚೆಕ್‌ಲಿಸ್ಟ್ ಬರುವ ಮುಂಚೆ 499 ಹೆರಿಗೆ ಪ್ರಸಂಗಗಳನ್ನು, ಬಂದ ಮೇಲೆ 795 ಪ್ರಸಂಗಗಳನ್ನು ಪಕ್ಕದಲ್ಲಿ ನಿಂತು ನೋಡಿ ಬರೆದುಕೊಂಡರು. ಮುಂಚೆ 29 ಕೆಲಸಗಳಲ್ಲಿ ಸರಾಸರಿ 10 ಆಗುತ್ತಿದ್ದವು. ಆಮೇಲೆ 25.

ಹತ್ತರಿಂದ ಇಪ್ಪತ್ತೈದು ಅಂದರೆ ಯಾರಿಗಾದರೂ ಉತ್ಸಾಹ ಬರುತ್ತದೆ. ಆದರೆ ಅದು ಒಂದೇ ಕೇಂದ್ರ, ಪಕ್ಕದಲ್ಲಿ ಬರೆದುಕೊಳ್ಳುವವರು ನಿಂತಿದ್ದರು, ಹೋಲಿಸಿ ನೋಡಲು ಚೆಕ್‌ಲಿಸ್ಟ್ ಇಲ್ಲದ ಇನ್ನೊಂದು ಕೇಂದ್ರ ಇರಲಿಲ್ಲ. ಸಾವಿನ ಲೆಕ್ಕವಂತೂ ಅಲ್ಲಿ ಸಿಗುವ ಹಾಗೇ ಇರಲಿಲ್ಲ. 2010-12ರಲ್ಲಿ ಕರ್ನಾಟಕದ ತಾಯಂದಿರ ಮರಣ ಪ್ರಮಾಣ ಲಕ್ಷ ಜೀವಂತ ಜನನಗಳಿಗೆ 144. ಆ ಲೆಕ್ಕದಲ್ಲಿ ಎಂಟುನೂರು ಹೆರಿಗೆಗೆ ಒಂದು ಸಾವು ಬಂದರೆ ಹೆಚ್ಚು. ಜೀವ ಉಳಿಯಿತೇ ಎಂದು ತಿಳಿಯಬೇಕಾದರೆ ಲಕ್ಷಗಟ್ಟಲೆ ಹೆರಿಗೆ ಬೇಕು. ಅದಕ್ಕೇ ಉತ್ತರ ಪ್ರದೇಶ.

ಜನ ಬಂದರು, ಕೋಣೆ ಅಷ್ಟೇ ಇತ್ತು

2005ರಲ್ಲಿ ಜನನಿ ಸುರಕ್ಷಾ ಯೋಜನೆ ಶುರುವಾಗಿ ಆಸ್ಪತ್ರೆಯಲ್ಲಿ ಹೆತ್ತ ತಾಯಿಗೆ ಹಣ ಕೊಡತೊಡಗಿದರು. ಉತ್ತರ ಪ್ರದೇಶದಂಥ ರಾಜ್ಯಗಳ ಹಳ್ಳಿಯ ತಾಯಿಗೆ 1,400 ರೂಪಾಯಿ. ನಮ್ಮ ರಾಜ್ಯದ ಹಳ್ಳಿಗಳಲ್ಲಿ ಬಡ ಕುಟುಂಬದವರಿಗೆ 700. ಕರೆತರುವ ಆಶಾ ಕಾರ್ಯಕರ್ತೆಗೂ ಪ್ರೋತ್ಸಾಹಧನ. ಪರಿಣಾಮ ಬೇಗ ಕಂಡಿತು. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಉತ್ತರ ಪ್ರದೇಶದ ನೂರು ಹೆರಿಗೆಗಳಲ್ಲಿ 21ರಷ್ಟು ಆಸ್ಪತ್ರೆಯಲ್ಲಿ ಆಗಿದ್ದರೆ, ಹತ್ತು ವರ್ಷದಲ್ಲಿ ಅದು 68ರ ಆಸುಪಾಸಿಗೆ ಬಂತು. ಆದರೂ 2014-16ರಲ್ಲಿ ಆ ರಾಜ್ಯದ ತಾಯಂದಿರ ಮರಣ ಪ್ರಮಾಣ 201, ದೇಶದ್ದು 130, ಕರ್ನಾಟಕದ್ದು 108.

ಅಂದರೆ ಬಾಗಿಲವರೆಗೆ ತರುವ ಕೆಲಸ ಹಣದಿಂದ ಆಯಿತು. ಒಳಗೆ ನಡೆಯುವುದು ಹಣದಿಂದ ಬದಲಾಗಲಿಲ್ಲ. ಮೂರು ಪಟ್ಟು ಹೆರಿಗೆ ಬಂದರೂ ಸಿಸ್ಟರುಗಳು ಮೂರು ಪಟ್ಟಾಗಲಿಲ್ಲ, ಮಂಚಗಳೂ ಆಗಲಿಲ್ಲ. ಸರ್ಕಾರ ಸುಮ್ಮನೆ ಕೂತಿತ್ತು ಅನ್ನುವಂತಿಲ್ಲ. ನುರಿತ ಹೆರಿಗೆ ಸಹಾಯಕರ 21 ದಿನಗಳ ತರಬೇತಿ ಇತ್ತು. 2009ರಿಂದ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮದ ಎರಡು ದಿನಗಳ ತರಬೇತಿಯೂ ಸೇರಿತು. ಎರಡು ದಿನ ಪ್ಲಾಸ್ಟಿಕ್ ಗೊಂಬೆಯ ಬಾಯಿಗೆ ಮಾಸ್ಕ್ ಹಿಡಿದು ಗಾಳಿ ಒತ್ತಿದವರು ಮೂರು ತಿಂಗಳ ಬಳಿಕ ರಾತ್ರಿ ಎರಡು ಗಂಟೆಗೆ ಅಳದೆ ಹುಟ್ಟಿದ ಕೂಸಿನ ಮುಂದೆ ಒಬ್ಬರೇ ನಿಂತಾಗ ಕೈ ನಡೆಯುತ್ತದೆಯೇ? ಬೆಟರ್‌ಬರ್ತಿನವರು ಹಿಡಿದದ್ದು ಈ ಕಂದರವನ್ನು: ಕಲಿತದ್ದಕ್ಕೂ ಮಾಡುವುದಕ್ಕೂ ನಡುವಿನದ್ದು.

ತರಗತಿ ಬಿಟ್ಟು ಕೋಣೆಗೆ

24 ಜಿಲ್ಲೆಗಳ 120 ಸರ್ಕಾರಿ ಕೇಂದ್ರಗಳನ್ನು ಆರಿಸಿ, ಒಂದಕ್ಕೊಂದು ಹೋಲುವ 60 ಜೋಡಿ ಮಾಡಿದರು. ಜೋಡಿಯಲ್ಲಿ ಒಂದಕ್ಕೆ ಚೆಕ್‌ಲಿಸ್ಟ್, ಇನ್ನೊಂದು ಇದ್ದ ಹಾಗೇ. ಹಾರ್ವರ್ಡಿಗೆ ಸೇರಿದ ಅರಿಯಾಡ್ನೆ ಲ್ಯಾಬ್ಸ್, ಪಾಪ್ಯುಲೇಷನ್ ಸರ್ವೀಸಸ್ ಇಂಟರ್‌ನ್ಯಾಷನಲ್, ಲಖನೌದ ಕಮ್ಯುನಿಟಿ ಎಂಪವರ್‌ಮೆಂಟ್ ಲ್ಯಾಬ್, ಜೊತೆಗೆ ಮತ್ತೆ ಬೆಳಗಾವಿಯ ಅದೇ ವೈದ್ಯಕೀಯ ಕಾಲೇಜು ಸೇರಿ ನಡೆಸಿದ ಕೆಲಸ. ಗೇಟ್ಸ್ ಫೌಂಡೇಷನ್ನಿನ ಹಣ. ತಾಯಂದಿರ ನೋಂದಣಿ 2014ರ ಕೊನೆಯಿಂದ 2016ರ ಕೊನೆಯವರೆಗೆ ನಡೆಯಿತು.

ಇಲ್ಲಿ ಗಮನಿಸಬೇಕಾದದ್ದು ತರಬೇತಿಯ ರೀತಿ. ಸಿಸ್ಟರುಗಳನ್ನು ಡ್ಯೂಟಿಯಿಂದ ಬಿಡಿಸಿ ಜಿಲ್ಲಾ ಕೇಂದ್ರದ ಹಾಲಿನಲ್ಲಿ ಕೂರಿಸಲಿಲ್ಲ. ನರ್ಸಿಂಗ್ ಕಲಿತವರೇ ಕೋಚುಗಳಾಗಿ ಕೇಂದ್ರಕ್ಕೆ ಬಂದರು. ಹೆರಿಗೆ ಕೋಣೆಯಲ್ಲಿ ನಿಂತು ನೋಡಿದರು, ಆದ ಮೇಲೆ ಪಕ್ಕಕ್ಕೆ ಕರೆದು ಮಾತಾಡಿದರು. ಏಕೆ ಬಿಟ್ಟುಹೋಯಿತು? ಗೊತ್ತಿರಲಿಲ್ಲವೇ, ಸಾಮಾನು ಇರಲಿಲ್ಲವೇ, ಮಾಡಬೇಕೆಂದು ಅನಿಸಲಿಲ್ಲವೇ? ಮೊದಲಿಗೆ ವಾರಕ್ಕೆ ಎರಡು ಸಲ, ಬರಬರುತ್ತ ತಿಂಗಳಿಗೊಂದು ಸಲ, ಹೀಗೆ ಎಂಟು ತಿಂಗಳು. ಕೋಚುಗಳ ಮೇಲೊಬ್ಬ ತಂಡದ ಮುಖ್ಯಸ್ಥರು ಬಂದು ಕೇಂದ್ರದ ವೈದ್ಯಾಧಿಕಾರಿಯ ಜೊತೆ ಮಾತಾಡುತ್ತಿದ್ದರು. ಕೇಂದ್ರದ ಸಿಬ್ಬಂದಿಯಲ್ಲೇ ಒಬ್ಬರನ್ನು ಗುಣಮಟ್ಟದ ಜವಾಬ್ದಾರಿಗೆ ಗುರುತಿಸಿದರು. ಕೋಚು ಹೋದ ಮೇಲೆ ಕೆಲಸ ನಿಲ್ಲಬಾರದೆಂಬ ಎಣಿಕೆ.

ಒಂದು ಕಟ್ಟುನಿಟ್ಟೂ ಇತ್ತು. ಯೋಜನೆ ಔಷಧಿ ತಂದುಕೊಡಲಿಲ್ಲ, ಉಪಕರಣ ಕೊಡಲಿಲ್ಲ, ಹೊಸ ಚಿಕಿತ್ಸಾ ಕೌಶಲ ಕಲಿಸುವ ತರಗತಿ ನಡೆಸಲಿಲ್ಲ. ಇರುವ ಜನ, ಇರುವ ಸಾಮಾನಿನಲ್ಲೇ ಎಷ್ಟಾಗುತ್ತದೆ ನೋಡೋಣ ಎಂದಿತು. ಹಣಕಾಸು ಇಲಾಖೆಗೆ ಇದು ಬಲು ಹಿಡಿಸುವ ಮಾತು. ಫಲಿತಾಂಶ ಓದುವಾಗ ಇದನ್ನು ಮರೆಯಬಾರದು.

ಎರಡು ತಿಂಗಳಲ್ಲಿ, ಹನ್ನೆರಡು ತಿಂಗಳಲ್ಲಿ, ಏಳನೆಯ ದಿನ

ಎರಡು ತಿಂಗಳಾದಾಗ ಕೇಂದ್ರಗಳಿಗೆ ಹೋಗಿ 18 ಮುಖ್ಯ ಕೆಲಸಗಳನ್ನು ಗಮನಿಸಿದರು. ಕೋಚು ಬಂದ ಕಡೆ ಶೇ. 72.8ರಷ್ಟು ಆಗುತ್ತಿದ್ದವು, ಬಾರದ ಕಡೆ ಶೇ. 41.7. ಇಂಥ ವ್ಯತ್ಯಾಸ ಸಿಕ್ಕರೆ ಬಹುಪಾಲು ಯೋಜನೆಗಳು ಅಲ್ಲಿಗೇ ಹಾರ ಹಾಕಿಸಿಕೊಂಡು ಮುಂದಿನ ಹಣಕ್ಕೆ ಅರ್ಜಿ ಬರೆಯುತ್ತವೆ.

ಇವರು ಹನ್ನೆರಡನೆಯ ತಿಂಗಳಲ್ಲಿ ಮತ್ತೆ ಹೋದರು. ಕೋಚುಗಳು ಬರುವುದು ನಿಂತು ಆಗ ನಾಲ್ಕು ತಿಂಗಳಾಗಿತ್ತು. 72.8 ಇದ್ದದ್ದು 61.7ಕ್ಕೆ ಇಳಿದಿತ್ತು. ಆಚೆ ಕಡೆ 43.9. ಕಲಿತದ್ದು ಪೂರ್ತಿ ಹೋಗಿರಲಿಲ್ಲ, ಸೋರುತ್ತಿತ್ತು. ಹೀಗೆ ಪಕ್ಕದಲ್ಲಿ ನಿಂತು ನೋಡಿದ ಹೆರಿಗೆಗಳು ಒಟ್ಟು 4,888.

ಕೊನೆಯ ಅಳತೆ ಮನೆಯದು. ನೋಂದಾಯಿಸಿದ 1,57,689 ತಾಯಂದಿರಲ್ಲಿ 1,57,145 ಮಂದಿಯ ಏಳನೆಯ ದಿನದ ಸ್ಥಿತಿ ತಿಳಿದುಕೊಂಡರು. ಶೇ. 99.7. ಫೋನಿಗೆ ಸಿಗದವರ ಮನೆ ಹುಡುಕಿಕೊಂಡು ಹೋದರು. ವಿಳಾಸ ಅಂದರೆ ಗಂಡನ ಹೆಸರು ಮತ್ತು ಊರು, ಮೊಬೈಲು ಅಂದರೆ ಮೈದುನನದ್ದು, ಬಾಣಂತಿ ಅಂದರೆ ಹೆರಿಗೆಗೆ ತವರಿಗೆ ಹೋದವಳು. ಇಂಥ ಕಡೆ ಈ ಸಂಖ್ಯೆ ಮುಟ್ಟುವುದು ಎಷ್ಟು ಕಷ್ಟವೆಂದು ಹಳ್ಳಿಯಲ್ಲಿ ಸಮೀಕ್ಷೆ ಮಾಡಿದವರಿಗೆ ಗೊತ್ತು. ಇಡೀ ಯೋಜನೆಯ ಅತಿ ದೊಡ್ಡ ಸಾಧನೆ ಯಾವುದೆಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ.

ತಾಯಿಯ ಸಾವು, ಹುಟ್ಟುವ ಮುನ್ನ ಅಥವಾ ಹುಟ್ಟಿದ ವಾರದೊಳಗೆ ಮಗುವಿನ ಸಾವು, ತಾಯಿಗೆ ಗಂಭೀರ ತೊಡಕು, ಈ ಮೂರರಲ್ಲಿ ಯಾವುದಾದರೂ ಆದ ಪ್ರಮಾಣ ಕೋಚು ಬಂದ ಕೇಂದ್ರಗಳಲ್ಲಿ ಶೇ. 15.1, ಬಾರದ ಕೇಂದ್ರಗಳಲ್ಲಿ ಶೇ. 15.3. ಅಂದರೆ ವ್ಯತ್ಯಾಸವೇ ಇಲ್ಲ. ಬಿಡಿಬಿಡಿಯಾಗಿ ನೋಡಿದರೂ ಇಲ್ಲ. 2017ರ ಡಿಸೆಂಬರಿನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಇದು ಬಂತು.

ಅಳತೆಯನ್ನು ಎಲ್ಲಿ ನಿಲ್ಲಿಸುತ್ತೇವೋ ಅಲ್ಲಿಗೆ ತಕ್ಕ ಫಲಿತಾಂಶ ಸಿಗುತ್ತದೆ ಎಂಬುದು ಈ ಪ್ರಕರಣದ ತಿರುಳು. ಎರಡನೆಯ ತಿಂಗಳಲ್ಲಿ ನಿಲ್ಲಿಸಿದ್ದರೆ ಜಯಭೇರಿ. ಹನ್ನೆರಡರಲ್ಲಿ ನಿಲ್ಲಿಸಿದ್ದರೆ ಸಾಧಾರಣ ಯಶಸ್ಸು. ಬಾಣಂತಿಯ ಮನೆಯವರೆಗೆ ಹೋದದ್ದರಿಂದ ಸೊನ್ನೆ ಕಂಡಿತು.

ಸೊನ್ನೆ ಎಲ್ಲಿಂದ ಬಂತು

ಸುಲಭದ ಉತ್ತರ ಒಂದಿದೆ: ಸಿಸ್ಟರುಗಳು ನೂರಕ್ಕೆ ನೂರು ಮಾಡಲಿಲ್ಲ, ಮಾಡಿದ್ದರೆ ಸಾವು ಇಳಿಯುತ್ತಿತ್ತು. ಇದರಲ್ಲಿ ಸತ್ಯಾಂಶ ಇದೆ. ಆಮೇಲೆ ಅದೇ ಮಾಹಿತಿಯನ್ನು ಇನ್ನೊಂದು ರೀತಿ ಬಿಡಿಸಿ ನೋಡಿದಾಗ, ಹೆಚ್ಚು ಕೆಲಸಗಳು ಆದ ಹೆರಿಗೆಗಳಲ್ಲಿ ಮಗುವಿನ ಸಾವು ಕಡಿಮೆ ಇದ್ದದ್ದು ಕಂಡಿತು. ಆದರೆ ಗುಂಪಿನ ಲೆಕ್ಕದಲ್ಲಿ ಅದು ಕಾಣದೆ ಹೋದದ್ದೇಕೆ ಎಂಬುದಕ್ಕೆ ಒಂದೊಂದು ಕೆಲಸವನ್ನೂ ಬೇರೆ ಮಾಡಿ ನೋಡಬೇಕು. ಶೇಕಡಾವಾರು ಸರಾಸರಿ ಎಲ್ಲವನ್ನೂ ಒಂದೇ ತೂಕದಲ್ಲಿ ಹಾಕುತ್ತದೆ.

ಆಕ್ಸಿಟೋಸಿನ್ ತೆಗೆದುಕೊಳ್ಳಿ. ಕೂಸು ಹೊರಬಂದ ಒಂದು ನಿಮಿಷದೊಳಗೆ ತಾಯಿಗೆ 10 ಯೂನಿಟ್ ಕೊಟ್ಟರೆ ಗರ್ಭಕೋಶ ಬಿಗಿಯಾಗಿ ರಕ್ತಸ್ರಾವ ತಡೆಯುತ್ತದೆ. ಚೆಕ್‌ಲಿಸ್ಟಿನಲ್ಲಿ ಟಿಕ್ ಹಾಕಲು ಸೂಜಿ ಚುಚ್ಚಿದರೆ ಸಾಕು. ಆದರೆ ಈ ಔಷಧಿಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಣ್ಣಗಿಡಬೇಕು. ಕರೆಂಟು ಹೋಗುವ ಊರಿನಲ್ಲಿ, ಮೇ ತಿಂಗಳ ಸೆಕೆಯಲ್ಲಿ, ಟ್ರೇ ಮೇಲೆ ದಿನಗಟ್ಟಲೆ ಕೂತ ಆಂಪೂಲಿನಲ್ಲಿ ಎಷ್ಟು ಸತ್ವ ಉಳಿದಿರುತ್ತದೆ? ಸಿಸ್ಟರ್ ತನ್ನ ಕೆಲಸ ಮಾಡಿದ್ದಾಳೆ, ಔಷಧಿ ತನ್ನದನ್ನು ಮಾಡಿಲ್ಲ.

ಇದಕ್ಕಿಂತ ಇಕ್ಕಟ್ಟಿನದು ಅದೇ ಸೂಜಿಯನ್ನು ಹೆರಿಗೆಗೆ ಮುಂಚೆ ಕೊಡುವ ರೂಢಿ. ಉತ್ತರ ಪ್ರದೇಶದಲ್ಲಿ ನೋವು ಬರಿಸುವ ಸೂಜಿಗೆ ಮನೆಯವರೇ ಒತ್ತಾಯಿಸುತ್ತಾರೆ, ಕೋಣೆ ಬೇಗ ಖಾಲಿಯಾಗಬೇಕೆಂದು ಸಿಬ್ಬಂದಿಗೂ ಅದು ಅನುಕೂಲ. ಲೆಕ್ಕವಿಲ್ಲದೆ ಕೊಟ್ಟ ಆಕ್ಸಿಟೋಸಿನ್‌ನಿಂದ ಗರ್ಭಕೋಶ ಬಿಡುವಿಲ್ಲದೆ ಹಿಂಡಿ, ಒಳಗಿನ ಕೂಸಿಗೆ ಉಸಿರು ಸಿಗುವುದಿಲ್ಲ. ಚೆಕ್‌ಲಿಸ್ಟು ಏನೇನು ಮಾಡಬೇಕೆಂದು ಕೇಳುತ್ತದೆ. ಮಾಡಬಾರದ್ದನ್ನು ಮಾಡಿದೆಯಾ ಎಂದು ಕೇಳುವುದು ಕಡಿಮೆ. ಹೊಟ್ಟೆ ಒತ್ತುವುದು, ಬೇಡದ ಸೂಜಿ, ನೋವಿನಲ್ಲಿರುವವಳ ಮೇಲೆ ರೇಗುವುದು ಇವೆಲ್ಲ ಹಾಳೆಯ ಹೊರಗೆ ಉಳಿಯುತ್ತವೆ.

ಈ ಔಷಧಿಯ ಕಥೆಯಲ್ಲಿ ಬೆಂಗಳೂರೂ ಬರುತ್ತದೆ. ಹಸುಗಳಿಗೆ ಹಾಲಿಳಿಸಲು ದುರುಪಯೋಗವಾಗುತ್ತಿದೆ ಎಂಬ ಕಾರಣ ಕೊಟ್ಟು 2018ರಲ್ಲಿ ಕೇಂದ್ರ ಸರ್ಕಾರ ದೇಶದೊಳಗಿನ ಬಳಕೆಗೆ ಆಕ್ಸಿಟೋಸಿನ್ ತಯಾರಿಸುವುದನ್ನು ಖಾಸಗಿ ಕಂಪನಿಗಳಿಂದ ಕಸಿದು, ಸಾರ್ವಜನಿಕ ರಂಗದ ಕರ್ನಾಟಕ ಆ್ಯಂಟಿಬಯೋಟಿಕ್ಸ್ ಒಂದಕ್ಕೇ ಕೊಡಹೊರಟಿತು. ಇಡೀ ದೇಶದ ಬಾಣಂತಿಯರ ಔಷಧಿ ಒಂದೇ ಕಾರ್ಖಾನೆಯಿಂದ! ಆ ವರ್ಷದ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದುಮಾಡಿತು. ಹೆರಿಗೆ ಕೋಣೆಯ ಟ್ರೇ ಮೇಲಿನ ಒಂದು ಆಂಪೂಲು ಯಾರ ಯಾರ ತೀರ್ಮಾನದ ಮೇಲೆ ಕೂತಿರುತ್ತದೆ ನೋಡಿ.

ಇನ್ನು ಕೂಸಿನ ಉಸಿರು. ಅಂಬು ಬ್ಯಾಗು ಹತ್ತಿರ ಇದೆಯಾ ಎಂಬುದಕ್ಕೆ ಹೌದು ಅನ್ನಬಹುದು. ಅಳದ ಕೂಸಿನ ಮುಖಕ್ಕೆ ಮಾಸ್ಕನ್ನು ಗಾಳಿ ಸೋರದಂತೆ ಕೂರಿಸಿ, ತಲೆಯನ್ನು ಸರಿಯಾದ ಕೋನಕ್ಕೆ ತಂದು, ಎದೆ ಏಳುತ್ತಿದೆಯಾ ನೋಡುತ್ತ ಒತ್ತುವುದು ಬೇರೆ ವಿದ್ಯೆ. ಅದು ಕೈಯಲ್ಲಿ ಉಳಿಯಬೇಕಾದರೆ ಆಗಾಗ ಗೊಂಬೆಯ ಮೇಲೆ ಅಭ್ಯಾಸ ಮಾಡುತ್ತಿರಬೇಕು. ಕೋಚು ಬ್ಯಾಗು ಇಡುವುದನ್ನು ರೂಢಿ ಮಾಡಿಸಿದಳು. ಒತ್ತುವುದನ್ನು ಕಲಿಸುವುದು ಈ ಯೋಜನೆಯ ಭಾಗವಾಗಿರಲಿಲ್ಲ.

ಆ ವಿದ್ಯೆಯನ್ನೇ ಕಲಿಸಿದ ಪ್ರಯತ್ನವೂ ನಮ್ಮಲ್ಲಿ ಆಗಿದೆ. 'ಹೆಲ್ಪಿಂಗ್ ಬೇಬೀಸ್ ಬ್ರೀದ್' ಎಂಬ ಪಠ್ಯಕ್ರಮದಲ್ಲಿ ಕರ್ನಾಟಕದ 599 ಹೆರಿಗೆ ಸಹಾಯಕರನ್ನು ತರಬೇತುಗೊಳಿಸಿ, ಹಿಂದಿನ 4,187 ಮತ್ತು ಮುಂದಿನ 5,411 ಜನನಗಳನ್ನು ಹೋಲಿಸಿದ್ದರು. 2013ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಸತ್ತು ಹುಟ್ಟುವ ಮಕ್ಕಳು ಶೇ. 3.0ರಿಂದ 2.3ಕ್ಕೆ ಇಳಿದರು. ಸತ್ತೇ ಹುಟ್ಟಿತೆಂದು ಪಕ್ಕಕ್ಕಿಡುತ್ತಿದ್ದ ಕೂಸುಗಳಲ್ಲಿ ಕೆಲವಕ್ಕೆ ಜೀವವಿತ್ತು, ಗಾಳಿ ಕೊಟ್ಟಾಗ ಉಸಿರಾಡಿದವು ಎಂದು ಇದನ್ನು ಓದಬೇಕು. ಇದು ಸಣ್ಣ ಮಾತಲ್ಲ. ಆದರೆ 28 ದಿನದೊಳಗಿನ ಶಿಶುಮರಣ ಇಳಿಯಲಿಲ್ಲ. ಮೊದಲ ನಿಮಿಷ ದಾಟಿದ ಕೂಸನ್ನು ಅವಧಿಗೆ ಮುನ್ನ ಹುಟ್ಟಿದ್ದರಿಂದ ಬರುವ ತೂಕದ ಕೊರತೆ, ನಂಜು, ತಣ್ಣಗಾಗುವಿಕೆ ಕಾಯುತ್ತಿರುತ್ತವೆ. ಅಲ್ಲಿ ಬೇಕಾದದ್ದು ವಾರ್ಮರು, ಆ್ಯಂಟಿಬಯೋಟಿಕ್ಕು, ಹತ್ತಿರದಲ್ಲೊಂದು ನವಜಾತ ಶಿಶು ಘಟಕ.

ಎಲ್ಲಕ್ಕಿಂತ ದೊಡ್ಡ ಗಂಟು ರೆಫರ್ ಮಾಡುವಲ್ಲಿ. ಚೆಕ್‌ಲಿಸ್ಟಿನ ಮೊದಲ ಪ್ರಶ್ನೆಯೇ ಅದು: ಈಕೆಯನ್ನು ದೊಡ್ಡ ಆಸ್ಪತ್ರೆಗೆ ಕಳಿಸಬೇಕೇ? ಬಿಪಿ ನೋಡದ ಸಿಸ್ಟರಿಗೆ ಈ ಪ್ರಶ್ನೆ ಏಳುವುದೇ ಇಲ್ಲ. ನೋಡಲು ಕಲಿತವಳಿಗೆ ಏಳುತ್ತದೆ. ಬಿಪಿ 160ರ ಮೇಲಿದೆ, ಫಿಟ್ಸ್ ಬರಬಹುದು. ಅದನ್ನು ತಡೆಯುವ ಮ್ಯಾಗ್ನೀಶಿಯಂ ಸಲ್ಫೇಟಿನ ಮೊದಲ ಡೋಸ್ ಕೊಟ್ಟು ಕಳಿಸಬೇಕು. ಕಪಾಟಿನಲ್ಲಿ ಅದು ಇದೆಯೇ? ಇದ್ದರೂ ಡಾಕ್ಟರಿಲ್ಲದಾಗ ಕೊಡಲು ಅವಳಿಗೆ ಧೈರ್ಯ ಇದೆಯೇ, ಏನಾದರೂ ಆದರೆ ಬೆನ್ನಿಗೆ ನಿಲ್ಲುವವರಿದ್ದಾರೆಯೇ? ಆಂಬುಲೆನ್ಸ್ ಬಂದು ಜಿಲ್ಲಾ ಆಸ್ಪತ್ರೆ ಮುಟ್ಟಿದರೆ ಅಲ್ಲಿ ಆ ಹೊತ್ತಿಗೆ ಅರಿವಳಿಕೆ ವೈದ್ಯರು, ರಕ್ತ ಇವೆಯೇ? ಯೋಜನೆಯ ಕೇಂದ್ರಗಳಲ್ಲಿ ಹೆಚ್ಚಿನವು ಸಿಸೇರಿಯನ್ ಆಗದಂಥ ಪ್ರಾಥಮಿಕ ಮತ್ತು ಸಮುದಾಯ ಆರೋಗ್ಯ ಕೇಂದ್ರಗಳು. ಅಪಾಯವನ್ನು ಬೇಗ ಗುರುತಿಸುವುದರಿಂದ ಜೀವ ಉಳಿಯುವುದು ಮುಂದೆ ಯಾರೋ ಅದನ್ನು ಹಿಡಿದುಕೊಳ್ಳಲು ಇದ್ದಾಗ ಮಾತ್ರ. ಶಸ್ತ್ರಚಿಕಿತ್ಸೆಯ ಚೆಕ್‌ಲಿಸ್ಟು ಗೆದ್ದದ್ದು ಅದಕ್ಕೇ ಎಂದು ನನಗನಿಸುತ್ತದೆ. ಥಿಯೇಟರಿನಲ್ಲಿ ಸರ್ಜನ್, ಅರಿವಳಿಕೆ ವೈದ್ಯರು, ಆಮ್ಲಜನಕ ಎಲ್ಲವೂ ಅದೇ ಕೋಣೆಯಲ್ಲಿ ಇರುತ್ತವೆ, ಹಾಳೆ ಅವರನ್ನು ಒಂದು ಕ್ಷಣ ನಿಲ್ಲಿಸಿ ಮಾತಾಡಿಸಿದರೆ ಸಾಕು. ಹಳ್ಳಿಯ ಹೆರಿಗೆ ಕೋಣೆಯಲ್ಲಿ ಸಿಸ್ಟರ್ ನಿಂತು ಯಾರನ್ನು ಮಾತಾಡಿಸಬೇಕು?

ಕೊನೆಯ ನಿಲುಗಡೆಯ ಮಾತನ್ನು ಬೇಗ ಮುಗಿಸುತ್ತೇನೆ. ಬಾಣಂತಿಯನ್ನು ಕನಿಷ್ಠ 24 ಗಂಟೆ ಇಟ್ಟುಕೊಳ್ಳಿ ಎನ್ನುತ್ತದೆ ಹಾಳೆ. ಮಂಚಕ್ಕೆ ಇಬ್ಬರು, ಸಾಲದ ಶೌಚಾಲಯ, ಮನೆಯಲ್ಲಿ ಇನ್ನೆರಡು ಮಕ್ಕಳು ಇದ್ದಾಗ ಅತ್ತೆ ಸಂಜೆಗೇ ಸೊಸೆಯನ್ನು ಕರೆದುಕೊಂಡು ಹೊರಡುತ್ತಾಳೆ. ತಡೆಯಲು ಸಿಸ್ಟರಿಗೆ ಕಾರಣವೂ ಸಿಗುವುದಿಲ್ಲ.

ಕೋಚು ಹೋದ ಮೇಲೆ

72.8ರಿಂದ 61.7ಕ್ಕೆ ಇಳಿದದ್ದನ್ನು ಹಲವರು ಸಿಸ್ಟರುಗಳ ಉದಾಸೀನ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಎಂಟು ತಿಂಗಳು ಯಾರೋ ಬಂದು ಅವರ ಕೆಲಸ ನೋಡಿದರು, ಚೆನ್ನಾಗಿ ಮಾಡಿದಾಗ ಚೆನ್ನಾಗಿದೆ ಅಂದರು, ಸೋಪು ಇಲ್ಲದಿದ್ದರೆ ವೈದ್ಯಾಧಿಕಾರಿಯ ಕಿವಿಗೆ ಹಾಕಿದರು. ಸರ್ಕಾರಿ ವ್ಯವಸ್ಥೆಯಲ್ಲಿ ಹೆರಿಗೆ ಮಾಡಿಸುವ ನರ್ಸಿಗೆ ಇಂಥ ಮೇಲುಸ್ತುವಾರಿ ಸಿಗುವುದು ಅಪರೂಪ. ಮೇಲಿನವರು ಬಂದರೆ ರಿಜಿಸ್ಟರ್ ನೋಡುತ್ತಾರೆ, ಕೇಸ್ ಶೀಟ್ ಪೂರ್ತಿಯಾಗಿದೆಯಾ ಕೇಳುತ್ತಾರೆ, ಕೈ ಕೆಲಸ ನೋಡುವುದಿಲ್ಲ. ಕೋಚು ಹೊರಗಿನವಳಾಗಿದ್ದಳು, ಹೊರಗಿನ ಹಣದಿಂದ ಬಂದಳು, ಹಣ ಮುಗಿದಾಗ ಹೋದಳು. ಆ ಹುದ್ದೆಯನ್ನು ಇಲಾಖೆ ತನ್ನ ಮಂಜೂರಾತಿ ಪಟ್ಟಿಗೆ ಸೇರಿಸಿದ್ದರೆ ಲೆಕ್ಕ ಬೇರೆ ಆಗುತ್ತಿತ್ತೇನೋ. ವರ್ಗಾವಣೆಯನ್ನೂ ಮರೆಯುವಂತಿಲ್ಲ. ತರಬೇತಿ ಪಡೆದ ಸಿಸ್ಟರನ್ನು ಹೆರಿಗೆ ಕೋಣೆಯಿಂದ ತೆಗೆದು ಜ್ವರದ ವಾರ್ಡಿಗೋ ಲಸಿಕೆ ಕೆಲಸಕ್ಕೋ ಹಾಕಿದರೆ ತರಬೇತಿ ಅವಳ ಜೊತೆಗೇ ಹೋಗುತ್ತದೆ.

ಈ ಜಾಗದಲ್ಲಿ ಉತ್ತರ ಕರ್ನಾಟಕದ ನರ್ಸ್ ಮೆಂಟರ್ ಪ್ರಯೋಗ ನೆನಪಾಗುತ್ತದೆ. ಬೆಟರ್‌ಬರ್ತಿಗೆ ಸ್ವಲ್ಪ ಮುಂಚೆ, 2012-13ರ ಸುಮಾರಿಗೆ, 'ಸುಕ್ಷೇಮ' ಯೋಜನೆಯಡಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಮತ್ತು ಜೊತೆಗಾರರು ಬಳ್ಳಾರಿ, ಕಲಬುರಗಿ ಜಿಲ್ಲೆಗಳ 108 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಅರ್ಧಕ್ಕೆ ಮೆಂಟರ್ ಕೊಟ್ಟು ಅರ್ಧಕ್ಕೆ ಕೊಡದೆ ಹೋಲಿಸಿದ್ದರು. ಮೆಂಟರುಗಳು ನರ್ಸುಗಳೇ. ಆದರೆ ಅವರ ಒತ್ತು ತೊಡಕಿನ ಮೇಲೆ ಹೆಚ್ಚು: ರಕ್ತಸ್ರಾವವಾದರೆ ಮೊದಲು ಏನು, ಫಿಟ್ಸ್ ಬಂದರೆ ಏನು, ಕೂಸು ಅಳದಿದ್ದರೆ ಏನು. ಕೇಸ್ ಶೀಟನ್ನೇ ಹೆಜ್ಜೆಹೆಜ್ಜೆಗೆ ನೆನಪಿಸುವಂತೆ ಹೊಸದಾಗಿ ರಚಿಸಿದ್ದರು. ಕೇಂದ್ರದ ಸಿಬ್ಬಂದಿಯೆಲ್ಲ ಕೂತು ಏನು ಕೊರತೆ, ಯಾರು ತುಂಬಬೇಕು ಎಂದು ಮಾತಾಡಿಕೊಳ್ಳುವಂತೆ ಮಾಡಿದ್ದರು. ತೊಡಕು ಗುರುತಿಸಿ ನಿಭಾಯಿಸುವ ತಿಳಿವಳಿಕೆಯಲ್ಲಿ, ಔಷಧಿ ಮತ್ತು ಸಾಮಾನುಗಳ ಸಿದ್ಧತೆಯಲ್ಲಿ ಮೆಂಟರ್ ಬಂದ ಕೇಂದ್ರಗಳು ಮುಂದಿದ್ದವು. ಆದರೆ ಬೆಟರ್‌ಬರ್ತ್ ಪ್ರಮಾಣದಲ್ಲಿ ಮನೆಮನೆಯ ಸಾವುನೋವನ್ನು ಅಳೆಯುವ ಗಾತ್ರ ಅದಕ್ಕಿರಲಿಲ್ಲ. ಹಾಗಾಗಿ ಒಂದು ಗೆದ್ದಿತು ಇನ್ನೊಂದು ಸೋತಿತು ಎಂದು ಪಕ್ಕಪಕ್ಕ ಇಡುವುದು ನ್ಯಾಯವಲ್ಲ. ಎರಡನ್ನೂ ಓದಿದರೆ ನನಗೆ ಕಾಣುವುದು ಇಷ್ಟು: ಮೆಂಟರ್ ಪದ್ಧತಿ ಸಿಸ್ಟರಿಗೆ ಕೌಶಲವನ್ನೂ ಕೊಟ್ಟಿತು, ಚೆಕ್‌ಲಿಸ್ಟು ಕೌಶಲ ಇದೆ ಎಂದುಕೊಂಡು ಹೊರಟಿತು.

ನಮ್ಮಲ್ಲೂ ಎಲ್ಲ ಸರಿಯಾಗಿದೆ ಎಂದು ಬೀಗುವಂತಿಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಅನುಮಾನ ಹೋದದ್ದು ನಾಳಕ್ಕೆ ಏರಿಸಿದ ದ್ರಾವಣದ ಗುಣಮಟ್ಟದ ಮೇಲೆ. ರಾಜ್ಯ ಸರ್ಕಾರ ಔಷಧ ನಿಯಂತ್ರಕರನ್ನೇ ಅಮಾನತು ಮಾಡಿತು. ಬಾಟಲಿಯೊಳಗೆ ಏನಿದೆ ಎಂದು ಯಾವ ಸಿಸ್ಟರಿಗೂ ಯಾವ ತರಬೇತಿಯೂ ಕಲಿಸಲಾರದು.

ಈಗ ಎಲ್ಲಿಗೆ ಬಂದಿದೆ

ಬೆಟರ್‌ಬರ್ತ್ ಫಲಿತಾಂಶ ಬರುವ ಮುಂಚೆಯೇ ಚೆಕ್‌ಲಿಸ್ಟು ಸರ್ಕಾರದ ಒಳಗೆ ಬಂದಾಗಿತ್ತು. 2015ರ 'ದಕ್ಷತಾ' ಕಾರ್ಯಕ್ರಮ ಅದನ್ನು ಕೌಶಲ ತರಬೇತಿಯ ಜೊತೆ ಸೇರಿಸಿ ಬಳಸಿತು. ಬಿಡಿ ಹಾಳೆಗಿಂತ ಇದು ಮೇಲು. ಫಲಿತಾಂಶ ಪ್ರಕಟವಾದ ಅದೇ 2017ರ ಡಿಸೆಂಬರಿನಲ್ಲಿ 'ಲಕ್ಷ್ಯ' ಶುರುವಾಯಿತು. ಇದು ಹೆರಿಗೆ ಕೋಣೆಯ ಜೊತೆಗೆ ಸಿಸೇರಿಯನ್ ಥಿಯೇಟರನ್ನೂ ಹಿಡಿಯಿತು, ಕಟ್ಟಡ, ಸಾಮಾನು, ಸಿಬ್ಬಂದಿ ಎಲ್ಲವನ್ನೂ ಅಂಕಕ್ಕೆ ತಂದಿತು. ಉತ್ತರ ಪ್ರದೇಶದ ಸೊನ್ನೆಗೆ ಕಾರಣವಾದ ಕೊರತೆಗಳಲ್ಲಿ ಹಲವನ್ನು ಇದು ಮುಟ್ಟುತ್ತದೆ.

ಆದರೆ ಮೌಲ್ಯಮಾಪಕರು ಬಂದು ಕೊಡುವ ಅಂಕದ ಮೇಲೆ ಕೇಂದ್ರಕ್ಕೆ ಪ್ರಮಾಣಪತ್ರ, ಆ ಪ್ರಮಾಣಪತ್ರದ ಮೇಲೆ ಪ್ರೋತ್ಸಾಹಧನ. ಅಂಕ ಏರಿಯೂ ಸಾವು ಇಳಿಯದಿರಬಹುದು ಎಂದು 1,57,145 ತಾಯಂದಿರನ್ನು ವಿಚಾರಿಸಿ ಕಂಡುಕೊಂಡ ದೇಶ ಇದು. ಪ್ರಮಾಣಪತ್ರ ಪಡೆದ ಕೇಂದ್ರದಿಂದ ಮನೆಗೆ ಹೋದ ಬಾಣಂತಿಯರಿಗೆ ಏಳನೆಯ ದಿನ ಫೋನ್ ಮಾಡಿ, ಬಂದ ಉತ್ತರವನ್ನು ಅದೇ ಕೇಂದ್ರದ ಹೆರಿಗೆ ಕೋಣೆಯ ಗೋಡೆಗೆ ಹಾಕುವುದಕ್ಕೆ ಹೊಸ ಯಂತ್ರ ಬೇಕಿಲ್ಲ. ಆಶಾ ಕಾರ್ಯಕರ್ತೆ ಮೂರನೆಯ ದಿನ, ಏಳನೆಯ ದಿನ ಹೇಗೂ ಆ ಮನೆಗೆ ಹೋಗುತ್ತಾಳೆ. ಅವಳು ತುಂಬುವ ಫಾರ್ಮು ಮೇಲಕ್ಕೆ, ತಾಲ್ಲೂಕು, ಜಿಲ್ಲೆ, ರಾಜಧಾನಿಗೆ ಹೋಗುತ್ತದೆ. ಹೆರಿಗೆ ಮಾಡಿಸಿದ ಸಿಸ್ಟರಿಗೆ ಅದು ತಿರುಗಿ ಬರುವ ದಾರಿಯನ್ನು ಇನ್ನೂ ಯಾರೂ ಹಾಕಿಕೊಟ್ಟಿಲ್ಲ.